ನೂರನೇ ಕೋತಿಯ ಕಥೆ ನಿಜವಾ? ಪ್ರಾಣಿಗಳು ಒಂದನ್ನೊಂದು ನೋಡಿ ಎಷ್ಟರ ಮಟ್ಟಿಗೆ ಕಲಿಯುತ್ತವೆ?

ಪ್ರಶ್ನಾರ್ಥಕ

ಒಂದು ಫಾರ್ವರ್ಡ್ ಮೆಸೇಜ್ ಮತ್ತೆ ಮತ್ತೆ ಬರುತ್ತಿದೆ. ಜಪಾನಿನ ಒಂದು ದ್ವೀಪದಲ್ಲಿ ಕೋತಿಗಳು ಗೆಣಸು ತೊಳೆದು ತಿನ್ನುವುದನ್ನು ಕಲಿತವಂತೆ. ಹಾಗೆ ತೊಳೆಯುವ ಕೋತಿಗಳು ನೂರಾದ ಕೂಡಲೇ ಸಮುದ್ರದಾಚೆಯ ಬೇರೆ ದ್ವೀಪಗಳ ಕೋತಿಗಳೂ ತಾವಾಗಿಯೇ ತೊಳೆಯಲು ಶುರು ಮಾಡಿದವಂತೆ. ಕೊನೆಗೆ ನಮಗೆಲ್ಲ ಒಂದು ಉಪದೇಶ ಬೇರೆ.

ಎರಡನೇ ಭಾಗ ನಂಬುವ ಹಾಗಿಲ್ಲ, ಅದು ಬಿಡಿ. ಮೊದಲ ಭಾಗದ ಕಥೆ ಏನು? ಒಂದು ಪ್ರಾಣಿ ಇನ್ನೊಂದನ್ನು ನೋಡಿ ಕಲಿಯುತ್ತದೆ, ಅದು ಮುಂದಿನ ಪೀಳಿಗೆಗೂ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆಯಾ? ಅಥವಾ ಎಲ್ಲ ಹುಟ್ಟುಗುಣವೇನಾ? ತಿಳಿದವರು ಹೇಳಿ.

ನಿಧಾನಿ

ಮೊದಲ ಭಾಗ ನಡೆದದ್ದು. ಎರಡನೆಯದು ಕಟ್ಟುಕಥೆ.

ದ್ವೀಪದ ಹೆಸರು ಕೋಶಿಮಾ, ಮಿಯಾಝಾಕಿ ಕರಾವಳಿಯ ಹತ್ತಿರ ಇರುವ ಪುಟ್ಟ ದ್ವೀಪ. ಕಾಡಿನೊಳಗಿನ ಕೋತಿಗಳು ಕಣ್ಣಿಗೆ ಬೀಳಲಿ ಅಂತ ಸಂಶೋಧಕರು ಮರಳ ದಂಡೆಯ ಮೇಲೆ ಗೆಣಸು ಹಾಕುತ್ತಿದ್ದರು. 1953ರಲ್ಲಿ ಸುಮಾರು ಒಂದೂವರೆ ವರ್ಷದ ಹೆಣ್ಣು ಕೋತಿಯೊಂದು ಗೆಣಸನ್ನು ನೀರಲ್ಲಿ ಅದ್ದಿ ಮರಳು ಉಜ್ಜಿ ತೆಗೆಯಿತು. ಅದರ ಹೆಸರು ಇಮೋ. ಇದನ್ನು ಮೊದಲು ಗಮನಿಸಿದ್ದು ಸತ್ಸುಎ ಮಿತೋ ಅನ್ನುವ ಅಲ್ಲಿನ ಶಾಲಾ ಶಿಕ್ಷಕಿ. ಮುಂದೆ ಇಮೋ ಜೊತೆ ಆಡುತ್ತಿದ್ದ ಮರಿಗಳು ಕಲಿತವು. ಅದರ ತಾಯಿಯೂ ಕಲಿಯಿತು.

ಮಸಾವೋ ಕವಾಯಿ 1965ರಲ್ಲಿ ಇದರ ಪೂರ್ತಿ ಲೆಕ್ಕ ಪ್ರಕಟಿಸಿದರು. 1958ರ ಹೊತ್ತಿಗೆ 2ರಿಂದ 7 ವರ್ಷದ 19 ಕೋತಿಗಳಲ್ಲಿ 15 ತೊಳೆಯುತ್ತಿದ್ದವು. ಅದಕ್ಕಿಂತ ದೊಡ್ಡವು 11 ಇದ್ದವು, ಅವುಗಳಲ್ಲಿ ಕಲಿತದ್ದು ಎರಡೇ. ದೊಡ್ಡ ಗಂಡುಗಳು ಮರಿಗಳ ಹತ್ತಿರ ಸುಳಿಯುವುದೇ ಕಮ್ಮಿ. 1962ರಲ್ಲಿ 49ರಲ್ಲಿ 36 ತೊಳೆಯುತ್ತಿದ್ದವು. ಅಲ್ಲಿ ನೂರನೇ ಕೋತಿ ಎಲ್ಲಿಂದ ಬರಬೇಕು ಹೇಳಿ! ಆ ಕಥೆ ಹಬ್ಬಿದ್ದು 1979ರಲ್ಲಿ ಬಂದ ಒಂದು ಜನಪ್ರಿಯ ಪುಸ್ತಕದಿಂದ.

ಸುಮ್ನೆ_ಓದುಗ

49 ಅನ್ನುವುದನ್ನು ನೂರು ಮಾಡುವುದು ಫಾರ್ವರ್ಡ್ ಮಾಡುವವರಿಗೆ ಕಷ್ಟವೇನಲ್ಲ ಬಿಡಿ.

ಕಟ್ಟಾ_ಅನುಮಾನಿ

ಮೊದಲ ಭಾಗವನ್ನೂ ಇಷ್ಟು ಸಲೀಸಾಗಿ ಒಪ್ಪಬೇಡಿ. ಬೆನೆಟ್ ಗ್ಯಾಲೆಫ್ ಅನ್ನುವ ಮನಶ್ಶಾಸ್ತ್ರಜ್ಞ ಇದೇ ಲೆಕ್ಕವನ್ನು ಮತ್ತೆ ಕೆದಕಿದರು. ನೋಡಿ ಕಲಿಯುವುದಾದರೆ ತೊಳೆಯುವವರ ಸಂಖ್ಯೆ ಹೆಚ್ಚಿದ ಹಾಗೆಲ್ಲ ಹಬ್ಬುವ ವೇಗವೂ ಏರಬೇಕು ಅಲ್ವಾ? ಹತ್ತು ಕೋತಿಗಳು ಮಾಡಿ ತೋರಿಸಿದರೆ ಕಲಿಯುವುದು ಸುಲಭ, ಒಂದೇ ಇದ್ದರೆ ಕಷ್ಟ. ಕೋಶಿಮಾದಲ್ಲಿ ವೇಗ ಏರಲೇ ಇಲ್ಲ. ಕಲಿತ ಕೋತಿಗಳಿಗೂ ವರ್ಷಗಟ್ಟಲೆ ಹಿಡಿಯಿತು. ಎದುರಿಗೆ ಗೆಣಸು, ಪಕ್ಕದಲ್ಲಿ ನೀರು, ಬಾಯಲ್ಲಿ ಮರಳು. ಪ್ರತಿಯೊಂದೂ ತನ್ನಷ್ಟಕ್ಕೆ ಕಂಡುಕೊಂಡಿರಬಹುದು. ಸಾಲದ್ದಕ್ಕೆ ಗೆಣಸು ಹಾಕುವವರು ತೊಳೆಯುವ ಕೋತಿಗಳಿಗೇ ಜಾಸ್ತಿ ಹಾಕಿರಬಹುದು ಅಂತಲೂ ಅವರು ಸಂಶಯಪಟ್ಟರು.

ಮರಕುಟಿಗ

ಹಕ್ಕಿಗಳಲ್ಲಿ ಇದಕ್ಕಿಂತ ಹಳೆಯ ಉದಾಹರಣೆ ಇದೆ. ಬ್ರಿಟನ್ನಿನಲ್ಲಿ ಮನೆ ಬಾಗಿಲಿಗೆ ಹಾಲಿನ ಬಾಟಲಿ ಇಟ್ಟು ಹೋಗುತ್ತಿದ್ದರು. ಬ್ಲೂ ಟಿಟ್, ಗ್ರೇಟ್ ಟಿಟ್ ಅನ್ನುವ ಪುಟ್ಟ ಹಕ್ಕಿಗಳು ಮುಚ್ಚಳ ಕುಕ್ಕಿ ಮೇಲಿನ ಕೆನೆ ಕುಡಿಯಲು ಶುರು ಮಾಡಿದವು. ಮೊದಲ ದಾಖಲೆ 1921ರದ್ದು, ಸೌತಾಂಪ್ಟನ್ ಹತ್ತಿರದ ಸ್ವೇತ್ಲಿಂಗ್‌ನಿಂದ. 1949ರಲ್ಲಿ ಫಿಶರ್ ಮತ್ತು ಹೈಂಡ್ ಊರೂರಿನ ವರದಿ ಸೇರಿಸಿ ನಕ್ಷೆ ಮಾಡಿದಾಗ ಅದು ಒಂದೊಂದು ಕಡೆ ಶುರುವಾಗಿ ಸುತ್ತಮುತ್ತ ಹರಡಿದ್ದು ಕಾಣುತ್ತಿತ್ತು.

ಕಟ್ಟಾ_ಅನುಮಾನಿ

ಅದನ್ನೂ ಇದೇ ಗ್ಯಾಲೆಫ್ ಬಿಟ್ಟಿಲ್ಲ! 1984ರಲ್ಲಿ ಡೇವಿಡ್ ಶೆರಿ ಜೊತೆ ಸೇರಿ ಚಿಕಡೀ ಹಕ್ಕಿಗಳ ಮೇಲೆ ಪ್ರಯೋಗ ಮಾಡಿದರು. ಮುಚ್ಚಳ ಮೊದಲೇ ಹರಿದಿದ್ದ ಕೆನೆ ಡಬ್ಬಿ ಸಿಕ್ಕಿದರೆ ಸಾಕು, ಆಮೇಲೆ ಮುಚ್ಚಿದ ಡಬ್ಬಿಯನ್ನೂ ಎಷ್ಟೋ ಹಕ್ಕಿಗಳು ತೆರೆದವು. ಇನ್ನೊಂದು ಹಕ್ಕಿ ತೆರೆಯುವುದನ್ನು ನೋಡಲೇಬೇಕು ಅಂತಿಲ್ಲ. ಹಾಗಾದರೆ ಇದು ಅನುಕರಣೆ ಹೇಗಾಗುತ್ತದೆ?

ನಿಧಾನಿ

ಅನುಕರಣೆ ಅಲ್ಲ, ಒಪ್ಪೋಣ. ಆದರೆ ಒಂದು ಹಕ್ಕಿ ಮಾಡಿಟ್ಟ ಕೆಲಸದಿಂದಲೇ ಇನ್ನೊಂದು ಕಲಿಯಿತು ತಾನೇ? ಮೊದಲ ಹಕ್ಕಿ ಇಲ್ಲದಿದ್ದರೆ ಎರಡನೆಯದಕ್ಕೆ ಹರಿದ ಮುಚ್ಚಳ ಸಿಗುತ್ತಿರಲಿಲ್ಲ. ನಾವು ಸುಮ್ನೆ "ನಮ್ಮ ಹಾಗೆ ನೋಡಿ ಮಾಡುತ್ತವಾ" ಅನ್ನುವ ಒಂದೇ ಪ್ರಶ್ನೆಗೆ ಜೋತುಬಿದ್ದಿದ್ದೇವೆ. ನನಗೆ ಮುಖ್ಯ ಅನಿಸುವ ಪ್ರಶ್ನೆ ಬೇರೆ. ತಿಳಿದ ಪ್ರಾಣಿಯನ್ನು ಅಲ್ಲಿಂದ ತೆಗೆದುಬಿಟ್ಟರೆ ಮರಿಗಳಿಗೆ ಆ ವಿದ್ಯೆ ಬರುತ್ತದಾ, ಬರಲ್ವಾ?

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಇಲಿಗಳದ್ದು. ಇಸ್ರೇಲಿನಲ್ಲಿ ಮನುಷ್ಯರು ನೆಟ್ಟು ಬೆಳೆಸಿದ ಪೈನ್ ಕಾಡುಗಳಿವೆ. ಅಲ್ಲಿ ಅಳಿಲುಗಳಿಲ್ಲ. ಕಪ್ಪು ಇಲಿಗಳು ಮರದ ಮೇಲೇ ವಾಸ ಮಾಡಿಕೊಂಡು ಪೈನ್ ಕಾಯಿಯೊಳಗಿನ ಬೀಜ ತಿಂದು ಬದುಕುತ್ತವೆ. ಆ ಕಾಯಿ ಬಿಡಿಸುವುದು ಸಲೀಸಲ್ಲ. ಗಟ್ಟಿ ಪದರಗಳು ಒಂದರ ಮೇಲೊಂದು ಸುರುಳಿಯಾಗಿ ಕೂತಿರುತ್ತವೆ. ಎಲ್ಲೆಂದರಲ್ಲಿ ಕಡಿದರೆ ಸಿಗುವ ಬೀಜಕ್ಕಿಂತ ಖರ್ಚಾಗುವ ಶಕ್ತಿಯೇ ಜಾಸ್ತಿ. ಬುಡದಿಂದ ಶುರು ಮಾಡಿ ಸುತ್ತಿನ ಜಾಡಲ್ಲೇ ಬಿಡಿಸುತ್ತ ಹೋಗಬೇಕು.

ಯೋಸೆಫ್ ಟೆರ್ಕೆಲ್ ಮತ್ತು ಜೊತೆಗಾರರು ಬೇರೆ ಕಡೆಯ ಇಲಿಗಳಿಗೆ ಈ ಕಾಯಿ ಕೊಟ್ಟು ನೋಡಿದರು. ಬೆಳೆದ ಇಲಿಗಳಿಗೆ ತಾವಾಗಿ ಆ ಕ್ರಮ ಹೊಳೆಯಲಿಲ್ಲ. ಆಮೇಲೆ ಮರಿಗಳನ್ನು ಅದಲು ಬದಲು ಮಾಡಿದರು. ಕಾಯಿ ಬಿಡಿಸಲು ಬಾರದ ತಾಯಿಯ ಮರಿಗಳನ್ನು ಬರುವ ತಾಯಿಯ ಹತ್ತಿರ ಬೆಳೆಸಿದಾಗ ಬಹುಪಾಲು ಕಲಿತವು. ಬರುವ ತಾಯಿಯ ಮರಿಗಳನ್ನು ಬಾರದ ತಾಯಿಯ ಹತ್ತಿರ ಇಟ್ಟಾಗ ಕಲಿಯಲಿಲ್ಲ. ಅಂದರೆ ರಕ್ತದಲ್ಲಿ ಬಂದದ್ದಲ್ಲ.

ಇನ್ನೂ ಸ್ವಾರಸ್ಯ ಇರುವುದು ಮುಂದೆ. ತಿಳಿದ ಇಲಿ ಅರ್ಧ ಬಿಡಿಸಿ ಬಿಟ್ಟ ಕಾಯಿ ಸಿಕ್ಕರೂ ಉಳಿದವು ಎಷ್ಟೋ ಕಲಿತುಬಿಡುತ್ತಿದ್ದವು. ಮರಿಗಳು ತಾಯಿಯ ಬಾಯಿಂದ ಅರ್ಧ ಬಿಡಿಸಿದ ಕಾಯಿ ಕಸಿದುಕೊಂಡು ಮುಂದಿನ ಪದರ ಬಿಡಿಸುತ್ತವೆ, ಅಷ್ಟೇ. ತಾಯಿ ಪಾಠ ಹೇಳಿಲ್ಲ, ಮರಿ ನಕಲು ಮಾಡಿಲ್ಲ. ಆದರೂ ಒಂದು ಕಾಡಿನ ಇಲಿಗಳ ಹೊಟ್ಟೆಪಾಡೇ ಈ ಪರಂಪರೆಯ ಮೇಲೆ ನಿಂತಿದೆ.

ಕಟ್ಟಾ_ಅನುಮಾನಿ

ಇದು ಸರಿಯಾದ ಪ್ರಯೋಗ. ಮರಿ ಬದಲಿಸಿ ನೋಡಿದ್ದಕ್ಕೆ ನನ್ನ ತಕರಾರಿಲ್ಲ. ಕೋಶಿಮಾದಲ್ಲಿ ಇಂಥದ್ದು ನಡೆದಿಲ್ಲ ಅನ್ನುವುದೇ ನನ್ನ ಮಾತು.

ಪ್ರಶ್ನಾರ್ಥಕ

ಆದರೆ ಕಾಡಲ್ಲಿ ಹೀಗೆ ಮರಿ ಬದಲಿಸಲು ಆಗಲ್ವಲ್ಲ. ಅಲ್ಲಿ ಹೇಗೆ ಕಂಡುಹಿಡಿಯುತ್ತಾರೆ?

ಮರಕುಟಿಗ

ಹೊಸ ವಿದ್ಯೆಯನ್ನು ಬೇಕಂತಲೇ ಬಿತ್ತುತ್ತಾರೆ. ಆಕ್ಸ್‌ಫರ್ಡ್ ಹತ್ತಿರದ ವೈಥಮ್ ಕಾಡಿನಲ್ಲಿ ಲೂಸಿ ಆಪ್ಲಿನ್ ತಂಡ ಮಾಡಿದ್ದು ಅದನ್ನೇ. 2015ರಲ್ಲಿ ಪ್ರಕಟವಾಯಿತು. ಹುಳು ತುಂಬಿದ ಪೆಟ್ಟಿಗೆ, ಅದಕ್ಕೆ ಜಾರುವ ಬಾಗಿಲು. ಎಡಕ್ಕೆ ತಳ್ಳಿದರೂ ತೆರೆಯುತ್ತದೆ, ಬಲಕ್ಕೆ ತಳ್ಳಿದರೂ ತೆರೆಯುತ್ತದೆ. ಒಂದೊಂದು ಭಾಗದಿಂದ ಎರಡೆರಡು ಗ್ರೇಟ್ ಟಿಟ್ ಗಂಡುಗಳನ್ನು ಹಿಡಿದು ಒಂದು ಕಡೆಯವಕ್ಕೆ ಎಡ, ಇನ್ನೊಂದು ಕಡೆಯವಕ್ಕೆ ಬಲ ಕಲಿಸಿ ಬಿಟ್ಟರು. ಬಹುಪಾಲು ಹಕ್ಕಿಗಳ ಕಾಲಿಗೆ ಎಲೆಕ್ಟ್ರಾನಿಕ್ ಟ್ಯಾಗ್ ಇತ್ತು. ಹಾಗಾಗಿ ಯಾವುದು ಯಾವಾಗ ತೆರೆಯಿತು ಅನ್ನುವುದು ಪೆಟ್ಟಿಗೆಯಲ್ಲೇ ದಾಖಲಾಗುತ್ತಿತ್ತು.

20 ದಿನದಲ್ಲಿ ಸರಾಸರಿ ಮುಕ್ಕಾಲು ಪಾಲು ಹಕ್ಕಿಗಳು ತೆರೆಯುವುದನ್ನು ಕಲಿತಿದ್ದವು. ಎಡದವರ ಕಡೆ ಎಡ, ಬಲದವರ ಕಡೆ ಬಲ. ಇನ್ನೊಂದು ಬದಿಯಿಂದಲೂ ತೆರೆಯುತ್ತದೆ ಅಂತ ಗೊತ್ತಾದ ಹಕ್ಕಿಗಳು ಕೂಡ ಹೆಚ್ಚಾಗಿ ತಮ್ಮ ಕಡೆಯ ರೂಢಿಗೇ ಅಂಟಿಕೊಂಡವು. ಮುಂದಿನ ಚಳಿಗಾಲದ ಹೊತ್ತಿಗೆ ಹಳೆಯ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರಲಿಲ್ಲ, ರೂಢಿ ಮಾತ್ರ ಹಾಗೇ ಇತ್ತು.

ನಿಧಾನಿ

ಕೋತಿಗಳಲ್ಲೂ ಇಂಥದೊಂದಿದೆ. ದಕ್ಷಿಣ ಆಫ್ರಿಕಾದಲ್ಲಿ ಎರಿಕಾ ವ್ಯಾನ್ ಡಿ ವಾಲ್ ತಂಡ ವರ್ವೆಟ್ ಕೋತಿಗಳಿಗೆ ಎರಡು ಬಣ್ಣದ ಜೋಳ ಇಟ್ಟಿತು. ಒಂದು ಗುಲಾಬಿ, ಒಂದು ನೀಲಿ. ಕೆಲವು ಗುಂಪುಗಳಲ್ಲಿ ಗುಲಾಬಿಯನ್ನು ಕಹಿ ಮಾಡಿದರು, ಉಳಿದವುಗಳಲ್ಲಿ ನೀಲಿಯನ್ನು. ಗುಂಪಿಗೆ ಪಾಠ ಆದ ಮೇಲೆ ಕಹಿ ನಿಲ್ಲಿಸಿದರು. ಆಮೇಲೆ ಹುಟ್ಟಿದ ಮರಿಗಳಿಗೆ ಎರಡೂ ಒಂದೇ ರುಚಿ. ಆದರೂ 27 ಮರಿಗಳಲ್ಲಿ 26 ತಾಯಿಯ ಬಣ್ಣವನ್ನೇ ಆರಿಸಿದವು.

ಬೇರೆ ಗುಂಪಿನಿಂದ ವಲಸೆ ಬಂದ ಗಂಡುಗಳದ್ದು ಇನ್ನೂ ಮಜಾ. ಒಂದನ್ನು ಬಿಟ್ಟು ಉಳಿದವೆಲ್ಲ ತಮ್ಮ ಹಳೆಯ ಬಣ್ಣ ಬಿಟ್ಟು ಹೊಸ ಗುಂಪಿನ ಬಣ್ಣಕ್ಕೆ ಬದಲಾದವು. ಆ ಒಂದು ಗಂಡು ಬಂದ ಕೂಡಲೇ ಗುಂಪಿನ ಯಜಮಾನನಾಗಿತ್ತು.

ಸುಮ್ನೆ_ಓದುಗ

ಯಜಮಾನನಿಗೆ ಯಾರ ಹಂಗು! ಇದನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನ ಓದಬೇಕಿಲ್ಲ.

ಗೆದ್ದಲುಹುತ್ತ

ಎಲ್ಲರೂ ಕೋತಿ, ಹಕ್ಕಿ ಅಂತಲೇ ಇದ್ದೀರಿ. ಕೀಟಗಳನ್ನು ಯಾರೂ ಕೇಳುವುದೇ ಇಲ್ಲ.

ಜೇನುಹುಳದ ಕುಣಿತ ಗೊತ್ತಲ್ವಾ? ಹೂವು ಯಾವ ದಿಕ್ಕಿನಲ್ಲಿದೆ, ಎಷ್ಟು ದೂರ ಇದೆ ಅಂತ ಗೂಡಿನೊಳಗೆ ಕುಣಿದು ಹೇಳುತ್ತದೆ. ಇದು ಪೂರ್ತಿ ಹುಟ್ಟುಗುಣ ಅಂತಲೇ ಎಲ್ಲರೂ ನಂಬಿದ್ದರು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬರೀ ಎಳೆ ಹುಳಗಳೇ ಇರುವ ಗೂಡುಗಳನ್ನು ಮಾಡಿದರು. ಹಳೆಯ ಕುಣಿತಗಾರರು ಒಬ್ಬರೂ ಇಲ್ಲ. ಎಳೆಯವು ತಾವಾಗಿ ಕುಣಿದವು, ಆದರೆ ತಪ್ಪು ಜಾಸ್ತಿ. ದಿನ ಕಳೆದಂತೆ ದಿಕ್ಕಿನ ತಪ್ಪು ಸರಿಹೋಯಿತು. ದೂರದ ತಪ್ಪು ಸಾಯುವ ತನಕ ಸರಿಹೋಗಲಿಲ್ಲ. ಮೊದಲ ಕುಣಿತಕ್ಕೆ ಮುಂಚೆ ಹಿರಿಯರ ಹಿಂದೆ ಓಡಾಡಿ ನೋಡಿದ್ದ ಹುಳಗಳು ಮಾತ್ರ ಶುರುವಿನಿಂದಲೇ ಚೆನ್ನಾಗಿ ಕುಣಿದವು. ಹುಟ್ಟುಗುಣವಾ, ಕಲಿಕೆಯಾ ಅಂತ ಒಂದನ್ನೇ ಆರಿಸಲು ಹೊರಟರೆ ಇಲ್ಲಿ ಉತ್ತರ ಸಿಗಲ್ಲ.

ಕಟ್ಟಾ_ಅನುಮಾನಿ

ಚೆನ್ನಾಗಿದೆ. ಆದರೂ ಒಂದು ಗೆರೆ ಉಳಿಯುತ್ತದೆ. ಇಲ್ಲಿ ಹೇಳಿದ್ದರಲ್ಲಿ ಬಹಳಷ್ಟು ಒಂದು ಬುದ್ಧಿವಂತ ಪ್ರಾಣಿ ಕಷ್ಟಪಟ್ಟರೆ ತಾನಾಗಿಯೇ ಕಂಡುಕೊಳ್ಳಬಹುದಾದದ್ದು. ಬಾಗಿಲು ತಳ್ಳುವುದು, ಮರಳು ತೊಳೆಯುವುದು. ಮನುಷ್ಯರ ವಿಷಯ ಹಾಗಲ್ಲ. ಒಬ್ಬನೇ ಕೂತು ಜೀವಮಾನವಿಡೀ ಯೋಚಿಸಿದರೂ ಕಂಡುಕೊಳ್ಳಲಾಗದ್ದನ್ನು ನಾವು ಇನ್ನೊಬ್ಬರಿಂದ ಕಲಿಯುತ್ತೇವೆ. ಸಂಶೋಧಕ ಕ್ಲಾಡಿಯೋ ಟೆನ್ನಿ ಮತ್ತಿತರರ ವಾದ ಇದೇ.

ಗೆದ್ದಲುಹುತ್ತ

ಆ ವಾದಕ್ಕೆ 2024ರಲ್ಲಿ ಎರಡು ಕಡೆಯಿಂದ ಪೆಟ್ಟು ಬಿತ್ತು. ಒಂದು ಪೆಟ್ಟು ಬಂಬಲ್‌ಬೀ ಅನ್ನುವ ದುಂಬಿಯಿಂದ!

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಲಾರ್ಸ್ ಚಿಟ್ಕಾ ತಂಡ ಎರಡು ಹಂತದ ಪೆಟ್ಟಿಗೆ ಮಾಡಿತು. ಮೊದಲು ನೀಲಿ ತಡೆ ಸರಿಸಬೇಕು, ಅದಕ್ಕೆ ಏನೂ ಸಿಗಲ್ಲ. ಆಮೇಲೆ ಕೆಂಪು ತುಂಡು ತಳ್ಳಿದರೆ ಸಕ್ಕರೆ ನೀರು. ಹುಳಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಒಂದೂ ಬಿಡಿಸಲಿಲ್ಲ. ಕೊನೆಗೆ ಕೆಲವಕ್ಕೆ ಮೊದಲ ಹಂತದಲ್ಲೂ ಸಕ್ಕರೆ ಕೊಟ್ಟು ಕಷ್ಟಪಟ್ಟು ಕಲಿಸಿದರು. ಕಲಿತ ಹುಳದ ಜೊತೆ ಬಿಟ್ಟಾಗ ಹೊಸ ಹುಳಗಳಲ್ಲಿ ಕೆಲವು ಪೂರ್ತಿ ಕಲಿತವು. ಅವಕ್ಕೆ ಮೊದಲ ಹಂತದಲ್ಲಿ ಒಂದು ಹನಿಯೂ ಸಿಕ್ಕಿರಲಿಲ್ಲ.

ನಿಧಾನಿ

ಇನ್ನೊಂದು ಪೆಟ್ಟು ಚಿಂಪಾಂಜಿಗಳಿಂದ. ಜಾಂಬಿಯಾದ ಚಿಮ್‌ಫುನ್ಶಿ ಅಭಯಧಾಮದಲ್ಲಿ ಇಂಥದೇ ಒಂದು ಯಂತ್ರ ಇಟ್ಟರು. ಮೂರು ತಿಂಗಳು ಕಳೆದರೂ ಒಂದಕ್ಕೂ ಬಿಡಿಸಲಾಗಲಿಲ್ಲ. ಪ್ರತಿ ಗುಂಪಿನ ಒಂದು ಚಿಂಪಾಂಜಿಗೆ ಕಲಿಸಿದ ಮೇಲೆ ಬೇರೆ 14 ಚಿಂಪಾಂಜಿಗಳು ಕಲಿತವು.

ಅನುಮಾನಿ ಸರ್, ಕಾಡಿನ ಪುರಾವೆ ಬೇಕು ಅಂದರೆ ಕಾಯಿ ಒಡೆಯುವುದನ್ನು ನೋಡಿ. ಗಿನಿ ದೇಶದ ಬೋಸ್ಸೂವಿನ ಚಿಂಪಾಂಜಿಗಳು ಕಲ್ಲಿನ ಮೇಲೆ ಕಾಯಿ ಇಟ್ಟು ಇನ್ನೊಂದು ಕಲ್ಲಿಂದ ಒಡೆಯುತ್ತವೆ. ಅಲ್ಲಿಂದ ಆರೇಳು ಕಿಲೋಮೀಟರ್ ದೂರದ ನಿಂಬಾ ಬೆಟ್ಟದ ಚಿಂಪಾಂಜಿಗಳಿಗೆ ಅದು ಗೊತ್ತಿಲ್ಲ. ಕ್ಯಾಟೆಲೈನ್ ಕೂಪ್ಸ್ ತಂಡ ಅವುಗಳ ಕಾಡಿಗೇ ಕಾಯಿ, ಕಲ್ಲು ಎರಡನ್ನೂ ಒಯ್ದು ಇಟ್ಟು ಕ್ಯಾಮೆರಾ ಹಚ್ಚಿತು. ಬಂದು ನೋಡಿದವು, ಮುಟ್ಟಿದವು, ಹೋದವು. ಒಂದೂ ಒಡೆಯಲಿಲ್ಲ. 2022ರ ವರದಿ ಇದು.

ಕಟ್ಟಾ_ಅನುಮಾನಿ

ಓದಿದ್ದೇನೆ. ಕೂಪ್ಸ್ ಪ್ರಯೋಗದ ತೂಕ ದೊಡ್ಡದು, ಒಪ್ಪುತ್ತೇನೆ. ಒಂದು ಗುಂಪಿನ ಚಿಂಪಾಂಜಿಗಳು ಒಡೆಯಲಿಲ್ಲ ಅಂದ ಮಾತ್ರಕ್ಕೆ ಯಾವುದೂ ಯಾವತ್ತೂ ಕಂಡುಕೊಳ್ಳಲ್ಲ ಅಂತ ಆಗುವುದಿಲ್ಲ. ಮೊದಲನೆಯದು ಒಂದು ಇರಲೇಬೇಕಲ್ಲ! ಅಷ್ಟು ಬಿಟ್ಟರೆ ಸರಿ.

ಕಡಲಕಾಗೆ

ತಡವಾಗಿ ಬಂದೆ. ತಿಮಿಂಗಿಲಗಳ ಬಗ್ಗೆ ಒಂದು ಮಾತೂ ಇಲ್ಲವೇ?

ಹಂಪ್‌ಬ್ಯಾಕ್ ಗಂಡುಗಳು ಹಾಡುತ್ತವೆ. ಒಂದು ಕಡಲಿನ ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾಡು ಹಾಡುತ್ತವೆ, ಅದು ನಿಧಾನವಾಗಿ ಬದಲಾಗುತ್ತ ಹೋಗುತ್ತದೆ. 1996ರಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಧ್ವನಿಮುದ್ರಣ ಮಾಡಿದ 82 ಗಾಯಕರಲ್ಲಿ ಎರಡು ಮಾತ್ರ ಬೇರೆಯದೇ ಹಾಡು ಹಾಡುತ್ತಿದ್ದವು. ಅದು ಪಶ್ಚಿಮ ಕರಾವಳಿಯ ಹಾಡು. 1998ರ ಹೊತ್ತಿಗೆ ಪೂರ್ವದವೆಲ್ಲ ತಮ್ಮ ಹಳೆಯ ಹಾಡು ಕೈಬಿಟ್ಟು ಹೊಸದಕ್ಕೆ ಬಂದಿದ್ದವು. ಮುಂದೆ ಎಲೆನ್ ಗಾರ್ಲೆಂಡ್ ತಂಡ ತೋರಿಸಿದ ಹಾಗೆ ದಕ್ಷಿಣ ಪೆಸಿಫಿಕ್‌ನಲ್ಲಿ ಹಾಡುಗಳು ಪಶ್ಚಿಮದಿಂದ ಪೂರ್ವಕ್ಕೆ ಅಲೆ ಅಲೆಯಾಗಿ ಸಾಗುತ್ತವೆ. ಎರಡೇ ವರ್ಷದಲ್ಲಿ ಇಡೀ ಗುಂಪು ಬದಲಾಗುವುದನ್ನು ಜೀನ್‌ಗಳಿಂದ ವಿವರಿಸಲು ಸಾಧ್ಯವೇ ಇಲ್ಲ.

ಉಪಯೋಗವೇ ಇಲ್ಲದ ಫ್ಯಾಷನ್‌ಗಳೂ ಇವೆ. 1987ರಲ್ಲಿ ಅಮೆರಿಕದ ವಾಯವ್ಯ ಕರಾವಳಿಯ ಪ್ಯೂಜೆಟ್ ಸೌಂಡ್‌ನ ಒಂದು ಹೆಣ್ಣು ಓರ್ಕಾ (ಕಿಲ್ಲರ್ ವೇಲ್) ಸತ್ತ ಸಾಲ್ಮನ್ ಮೀನನ್ನು ಮೂತಿಯ ಮೇಲೆ ಹೊತ್ತು ತಿರುಗಲು ಶುರು ಮಾಡಿತು. ಐದಾರು ವಾರದಲ್ಲಿ ಪಕ್ಕದ ಎರಡು ಗುಂಪುಗಳಿಗೂ ಹಬ್ಬಿತು. ಮರುವರ್ಷ ಅಪರೂಪಕ್ಕೆ ಕಂಡು ನಿಂತುಹೋಯಿತು.

ಪ್ರಶ್ನಾರ್ಥಕ

ಮೀನಿನ ಟೋಪಿ! ಇದು ನನಗೆ ಗೊತ್ತೇ ಇರಲಿಲ್ಲ.

ಕಡಲಕಾಗೆ

ಇನ್ನೊಂದು ಹೇಳಿ ಹೋಗುತ್ತೇನೆ. 19ನೇ ಶತಮಾನದ ತಿಮಿಂಗಿಲ ಬೇಟೆ ಹಡಗುಗಳ ದಿನಚರಿ ಪುಸ್ತಕಗಳು ಉಳಿದಿವೆ. ಹಾಲ್ ವೈಟ್‌ಹೆಡ್ ಮತ್ತು ಜೊತೆಗಾರರು ಅವನ್ನು ಕೂತು ಲೆಕ್ಕ ಹಾಕಿದರು. ಉತ್ತರ ಪೆಸಿಫಿಕ್‌ನ ಹೊಸ ಜಾಗಗಳಲ್ಲಿ ಸ್ಪರ್ಮ್ ತಿಮಿಂಗಿಲ ಬೇಟೆ ಶುರುವಾಗಿ ಎರಡೂವರೆ ವರ್ಷದೊಳಗೆ ಭರ್ಜಿ ತಗಲುವ ಪ್ರಮಾಣ 58% ಕುಸಿಯಿತು. ಅವುಗಳಿಗೆ ಗೊತ್ತಿದ್ದ ಶತ್ರು ಓರ್ಕಾ. ಅದು ಬಂದರೆ ಮೇಲ್ಮೈಯಲ್ಲಿ ಒತ್ತಾಗಿ ಗುಂಪುಗೂಡಿ ನಿಲ್ಲುತ್ತಿದ್ದವು. ಭರ್ಜಿ ಹಿಡಿದವರಿಗೆ ಅದಕ್ಕಿಂತ ಅನುಕೂಲ ಬೇರೇನು ಬೇಕು! ಆ ಅಭ್ಯಾಸ ಬಿಟ್ಟು ಗಾಳಿಗೆದುರಾಗಿ ಈಜಿ ತಪ್ಪಿಸಿಕೊಳ್ಳಲು ಶುರು ಮಾಡಿದವು, ಹಾಯಿದೋಣಿ ಆ ಕಡೆ ಬೇಗ ಬರಲಾರದು. ಪೆಟ್ಟು ತಿಂದು ಉಳಿದವುಗಳಿಂದ ಉಳಿದ ಗುಂಪುಗಳು ಕಲಿತಿರಬೇಕು ಅನ್ನುವುದು ಅವರ ತೀರ್ಮಾನ.

ಮರಕುಟಿಗ

ಶತ್ರುವನ್ನು ಗುರುತಿಸುವುದು ಹೀಗೆ ಹಬ್ಬುತ್ತದೆ ಅನ್ನುವುದಕ್ಕೆ ಕಾಗೆಗಳೇ ಸಾಕ್ಷಿ. 2006ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಮಾರ್ಜ್‌ಲಫ್ ತಂಡ ಆದಿಮಾನವನ ಮುಖವಾಡ ಹಾಕಿಕೊಂಡು ಏಳು ಕಾಗೆ ಹಿಡಿದು, ಬಳೆ ತೊಡಿಸಿ ಬಿಟ್ಟಿತು. ವರ್ಷಗಳ ಮೇಲೂ ಆ ಮುಖವಾಡ ಕಂಡರೆ ಕಾಗೆಗಳು ಕಿರುಚಿ ಅಟ್ಟಿಸಿಕೊಂಡು ಬರುತ್ತಿದ್ದವು. ಹಿಡಿದ ದಿನ ಹುಟ್ಟೇ ಇರದ ಮರಿಗಳೂ ಸೇರಿಕೊಂಡವು.

ಪ್ರಶ್ನಾರ್ಥಕ

ಇಷ್ಟೂ ಓದಿದ ಮೇಲೆ ಒಂದು ಕೇಳಬೇಕು. ಮರಿಗಳು ಕಲಿಯುತ್ತವೆ, ಸರಿ. ದೊಡ್ಡವು ಬೇಕಂತಲೇ ಕಲಿಸುತ್ತವಾ?

ನಿಧಾನಿ

ಬಹಳ ಕಮ್ಮಿ. 1992ರಲ್ಲಿ ಕ್ಯಾರೊ ಮತ್ತು ಹೌಸರ್ ಒಂದು ಅಳತೆಗೋಲು ಕೊಟ್ಟರು. ಮರಿಯ ಎದುರು ಪ್ರಾಣಿ ತನ್ನ ನಡವಳಿಕೆ ಬದಲಿಸಬೇಕು, ಅದರಿಂದ ತನಗೆ ಖರ್ಚೇ ಹೊರತು ಕೂಡಲೇ ಲಾಭ ಇರಬಾರದು, ಮರಿ ಬೇಗ ಕಲಿಯಬೇಕು. ಮೂರಕ್ಕೂ ಒಪ್ಪುವುದು ಆಫ್ರಿಕಾದ ಕಲಹರಿ ಮರುಭೂಮಿಯ ಮೀರ್ಕ್ಯಾಟ್, ಮುಂಗುಸಿಯ ಜಾತಿಯ ಪುಟ್ಟ ಪ್ರಾಣಿ. ಎಳೆಯ ಮರಿಗೆ ಸತ್ತ ಚೇಳು, ಸ್ವಲ್ಪ ಬೆಳೆದ ಮೇಲೆ ಕೊಂಡಿ ಮುರಿದ ಜೀವಂತ ಚೇಳು, ಇನ್ನೂ ಬೆಳೆದರೆ ಪೂರ್ತಿ ಚೇಳು. ಮರಿ ಕೈಬಿಟ್ಟರೆ ಮತ್ತೆ ಹತ್ತಿರ ತಳ್ಳುತ್ತವೆ.

ಕಟ್ಟಾ_ಅನುಮಾನಿ

ಅದರ ಮುಂದಿನ ಸಾಲನ್ನೂ ಹೇಳಿ. ಎಳೆಯ ಮರಿಗಳಿರುವ ಗುಂಪಿಗೆ ದೊಡ್ಡ ಮರಿಗಳ ಕೂಗಿನ ರೆಕಾರ್ಡಿಂಗ್ ಕೇಳಿಸಿದರೆ ಜೀವಂತ ಚೇಳು ತಂದುಕೊಡುತ್ತವೆ. ಮರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಅವು ಯೋಚಿಸುತ್ತಿಲ್ಲ. ಕೂಗಿಗೆ ತಕ್ಕ ಚೇಳು, ಅಷ್ಟೇ.

ಗೆದ್ದಲುಹುತ್ತ

ಯೋಚಿಸದಿದ್ದರೇನಂತೆ, ಮರಿ ಕಲಿಯಿತಲ್ಲ. ಇರುವೆಗಳೂ ಕಲಿಸುತ್ತವೆ. ಟೆಮ್ನೋಥೊರಾಕ್ಸ್ ಅನ್ನುವ ಇರುವೆ ಆಹಾರದ ದಾರಿ ತೋರಿಸುವಾಗ ಹಿಂದಿನದು ಮೀಸೆಯಿಂದ ತನ್ನ ಹಿಂಭಾಗ ತಟ್ಟುವ ತನಕ ಮುಂದೆ ಹೋಗುವುದಿಲ್ಲ. ಒಂಟಿಯಾಗಿದ್ದರೆ ಎಷ್ಟೋ ಬೇಗ ತಲುಪುತ್ತಿತ್ತು.

ಮರಕುಟಿಗ

ನಿಧಾನಿ ಮೇಡಂ ಮೊದಲೇ ಕೇಳಿದ ಪ್ರಶ್ನೆಗೆ ವಾಪಸ್ ಬರೋಣ. ತಿಳಿದವರನ್ನು ತೆಗೆದರೆ ಏನಾಗುತ್ತದೆ ಅಂತ. ಬೇಟೆಯ ಮೂಲಕ ಮನುಷ್ಯರು ಆ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲೇ ಮಾಡಿಬಿಟ್ಟಿದ್ದಾರೆ.

ಅಮೆರಿಕದ ಪಶ್ಚಿಮ ಭಾಗದಲ್ಲಿ ಬಿಗ್‌ಹಾರ್ನ್ ಅನ್ನುವ ಕಾಡು ಕುರಿಗಳಿವೆ. ಬೇಟೆ ಮತ್ತು ಸಾಕು ಕುರಿಗಳಿಂದ ಬಂದ ಕಾಯಿಲೆಗೆ ಎಷ್ಟೋ ಬೆಟ್ಟಗಳಲ್ಲಿ ನಾಶವಾದವು. ಆಮೇಲೆ ಉಳಿದ ಹಿಂಡುಗಳಿಂದ ಹಿಡಿದು ತಂದು ಆ ಬೆಟ್ಟಗಳಿಗೆ ಬಿಟ್ಟರು. ಹಳೆಯ ಹಿಂಡುಗಳು ವಸಂತದಲ್ಲಿ ಹೊಸ ಹುಲ್ಲು ಚಿಗುರುವ ಜಾಡು ಹಿಡಿದು ಮೇಲೆ ಹತ್ತುತ್ತ ಹೋಗುತ್ತವೆ, ಚಳಿಗೆ ಇಳಿಯುತ್ತವೆ. ಅದೇ ತಳಿ, ಅದೇ ಬೆಟ್ಟ. ಆದರೆ ಹೊಸದಾಗಿ ಬಿಟ್ಟ ಕುರಿಗಳು ಇದ್ದಲ್ಲೇ ಇದ್ದವು! ಬ್ರೆಟ್ ಜೆಸ್ಮರ್ ತಂಡದ 2018ರ ಲೆಕ್ಕದಲ್ಲಿ ಹಳೆಯ ಹಿಂಡುಗಳಲ್ಲಿ 65ರಿಂದ 100% ಕುರಿಗಳು ವಲಸೆ ಹೋಗುತ್ತಿದ್ದವು. ಹೊಸದಾಗಿ ಬಿಟ್ಟವುಗಳಲ್ಲಿ 9%ಗಿಂತ ಕಮ್ಮಿ.

ವರ್ಷಗಳು ಕಳೆದಂತೆ ಒಂದೊಂದೇ ಕುರಿ ಸ್ವಲ್ಪ ಸ್ವಲ್ಪ ದೂರ ಹೋಗಿ ಬಂದು, ಮರಿಗಳು ಹಿಂಬಾಲಿಸಿ, ದಾರಿ ಮತ್ತೆ ಮೂಡುತ್ತದೆ. ಹೆಚ್ಚಿನವು ವಲಸೆ ಹೋಗುವ ಹಂತಕ್ಕೆ ಬರಲು ಈ ಕುರಿಗಳಿಗೆ ಸುಮಾರು 40 ವರ್ಷ ಬೇಕು. ಅದೇ ಅಧ್ಯಯನದ ಮೂಸ್ ಕಡವೆಗಳಿಗೆ ಸುಮಾರು 90 ವರ್ಷ.

ನಿಧಾನಿ

ಆನೆಗಳದ್ದೂ ಇದೇ ಕಥೆ. 1993ರಲ್ಲಿ ತಾಂಜಾನಿಯಾದ ತರಂಗೀರೆಯಲ್ಲಿ ಭಾರಿ ಬರ ಬಂತು. ಮೂರು ಗುಂಪುಗಳ 81 ಮರಿಗಳಲ್ಲಿ 16 ಸತ್ತವು. ಸಾಮಾನ್ಯ ವರ್ಷಗಳಲ್ಲಿ ಸಾಯುವುದು 2% ಮಾತ್ರ. ಪಾರ್ಕ್ ಬಿಟ್ಟು ಹೊರಗೆ ನೀರು ಹುಡುಕಿ ಹೋದ ಗುಂಪುಗಳ ಮರಿಗಳು ಹೆಚ್ಚು ಉಳಿದವು. 1958ರಿಂದ 1961ರ ತನಕ ಇಂಥದೇ ಬರ ಬಂದಿತ್ತು. ಅದನ್ನು ಕಂಡಿರಬಹುದಾದಷ್ಟು ವಯಸ್ಸಿನ ಹೆಣ್ಣಾನೆಗಳು ಹೊರಗೆ ಹೋದ ಗುಂಪುಗಳಲ್ಲಿದ್ದವು. ಉಳಿದುಕೊಂಡ ಗುಂಪಿನ ಹಿರಿಯ ಆನೆಗಳು ಕಳ್ಳಬೇಟೆಗೆ ಬಲಿಯಾಗಿದ್ದವು.

ಕಡಲಕಾಗೆ

ದಕ್ಷಿಣ ಆಫ್ರಿಕಾದ ಪಿಲಾನ್ಸ್‌ಬರ್ಗ್ ಪಾರ್ಕ್ ನೆನಪಾಯಿತು. ಅದೇ ದೇಶದ ಕ್ರೂಗರ್ ಪಾರ್ಕ್‌ನಲ್ಲಿ ದೊಡ್ಡ ಆನೆಗಳನ್ನು ಕೊಂದಾಗ ಉಳಿದ ಅನಾಥ ಮರಿಗಳನ್ನು ಅಲ್ಲಿಗೆ ಸಾಗಿಸಿದ್ದರು. ಅವು ಬೆಳೆದು ಮದವೇರಿ 1992ರಿಂದ 1997ರೊಳಗೆ 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟ ಮೇಲೆ ನಿಂತಿತು. ಹಿರಿಯರಿಲ್ಲದೆ ಸಂಸ್ಕಾರ ಕಲಿಯಲಿಲ್ಲ ಅನ್ನಬಹುದಲ್ಲ?

ಕಟ್ಟಾ_ಅನುಮಾನಿ

ಇಲ್ಲ, ಇಲ್ಲಿ ನಿಲ್ಲಿಸಿ. ಅದು ಬೇರೆ ವಿಷಯ. ದೊಡ್ಡ ಸಲಗ ಎದುರಿಗಿದ್ದರೆ ಚಿಕ್ಕ ಗಂಡಾನೆಯ ಮದ ಬೇಗ ಇಳಿಯುತ್ತದೆ. ಆ ಅಧ್ಯಯನ ತೋರಿಸಿದ್ದು ಅದನ್ನೇ. ಅಲ್ಲಿ ಯಾರೂ ಏನನ್ನೂ ಕಲಿತಂತಿಲ್ಲ, ಹೆದರಿಕೆಗೆ ಮೈ ತಣ್ಣಗಾಗಿದೆ ಅಷ್ಟೇ. ತರಂಗೀರೆಯದ್ದು ಕಲಿಕೆ ಇರಬಹುದು, ಆದರೂ ಮೂರೇ ಗುಂಪು, ಒಂದೇ ಬರ. ಕುರಿಗಳ ಲೆಕ್ಕ ಮಾತ್ರ ಗಟ್ಟಿ. ಹಿರಿಯರು ಇದ್ದರೆ ಒಳ್ಳೆಯದಾಗುತ್ತದೆ ಅನ್ನುವುದೆಲ್ಲ ಹಿರಿಯರಿಂದ ಕಲಿತದ್ದು ಅಂತ ಆಗಲ್ಲ.

ನಿಧಾನಿ

ಪಿಲಾನ್ಸ್‌ಬರ್ಗ್ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಕಾಡು ನೋಡಿಕೊಳ್ಳುವವರಿಗೆ ಎರಡರಿಂದಲೂ ಒಂದೇ ಕೆಲಸ ಹುಟ್ಟುತ್ತದೆ. ಎಷ್ಟು ಪ್ರಾಣಿ ಉಳಿದಿವೆ ಅಂತ ಎಣಿಸಿದರೆ ಸಾಲದು, ಯಾವ ವಯಸ್ಸಿನವು ಉಳಿದಿವೆ ಅಂತಲೂ ನೋಡಬೇಕು. ವಲಸೆ ಪ್ರಾಣಿಗಳ ಅಂತರರಾಷ್ಟ್ರೀಯ ಒಪ್ಪಂದದ ಸಭೆ 2014ರಲ್ಲೇ ತಿಮಿಂಗಿಲ, ಡಾಲ್ಫಿನ್‌ಗಳ ವಿಷಯದಲ್ಲಿ ಇದನ್ನು ಒಪ್ಪಿತು. 2017ರಲ್ಲಿ ಕಾಯಿ ಒಡೆಯುವ ಚಿಂಪಾಂಜಿಗಳನ್ನೂ ಸೇರಿಸಿಕೊಂಡಿತು.

ಪ್ರಶ್ನಾರ್ಥಕ

ಹಿರಿಯರು ಒಬ್ಬರೂ ಉಳಿದಿಲ್ಲದಿದ್ದರೆ? ಮನುಷ್ಯರೇ ಕಲಿಸಬಹುದಾ?

ಮರಕುಟಿಗ

ಕಲಿಸಿದ್ದಾರೆ. ಅರ್ಧ ಗೆದ್ದರು, ಅರ್ಧ ಸೋತರು. ಹೂಪಿಂಗ್ ಕ್ರೇನ್ ಅನ್ನುವ ಕೊಕ್ಕರೆ 1941ರಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿದಿತ್ತು. 2001ರಿಂದ ಸಾಕಿದ ಮರಿಗಳಿಗೆ ಪುಟ್ಟ ಅಲ್ಟ್ರಾಲೈಟ್ ವಿಮಾನದ ಹಿಂದೆ ಹಾರಲು ಕಲಿಸಿ ವಿಸ್ಕಾನ್ಸಿನ್‌ನಿಂದ ಫ್ಲೋರಿಡಾಕ್ಕೆ ಕರೆದೊಯ್ದರು. ಹೋಗುವ ದಾರಿ ಒಂದೇ ಸಲ ತೋರಿಸಿದ್ದು. ವಾಪಸ್ ಅವೇ ಬಂದವು. ಮುಂದಿನ ವರ್ಷಗಳಲ್ಲಿ ಹಿರಿಯ ಹಕ್ಕಿಗಳ ಜೊತೆ ಹಾರಿದ ಮರಿಗಳು ದಾರಿ ತಪ್ಪುವುದು ಕಮ್ಮಿಯಾಯಿತು. ಒಂದು ವರ್ಷದ ಹಕ್ಕಿಗಳೇ ಇರುವ ಗುಂಪಿಗಿಂತ ಏಳು ವರ್ಷದ ಹಕ್ಕಿ ಇರುವ ಗುಂಪು 38% ಕಮ್ಮಿ ದಾರಿ ತಪ್ಪುತ್ತಿತ್ತು.

ಸೋತದ್ದು ಎಲ್ಲಿ ಅಂದರೆ ಸಂಸಾರದಲ್ಲಿ. ಜೋಡಿಯಾದವು, ಮೊಟ್ಟೆ ಇಟ್ಟವು, ಮರಿ ಬೆಳೆಸಲು ಆಗಲಿಲ್ಲ. ಅವನ್ನು ಸಾಕಿದ್ದು ಕೊಕ್ಕರೆಯ ವೇಷ ಹಾಕಿದ ಮನುಷ್ಯರು. 2016ರ ಶುರುವಿನಲ್ಲಿ ಅಮೆರಿಕದ ವನ್ಯಜೀವಿ ಇಲಾಖೆ ವಿಮಾನದ ಯೋಜನೆ ಕೈಬಿಟ್ಟಿತು.

ಕಟ್ಟಾ_ಅನುಮಾನಿ

ಅಲ್ಲಿ ಕಪ್ಪು ನೊಣಗಳ ಕಾಟಕ್ಕೆ ಕಾವು ಕೂತ ಹಕ್ಕಿಗಳು ಗೂಡು ಬಿಟ್ಟು ಎದ್ದು ಹೋಗುತ್ತಿದ್ದವು. ಪೂರ್ತಿ ತಪ್ಪನ್ನು ಸಾಕಿದ ರೀತಿಯ ಮೇಲೆ ಹಾಕಬೇಡಿ.

ಮರಕುಟಿಗ

ನೊಣ ನಿಜ. ಅದಕ್ಕೇ ನೊಣ ಕಮ್ಮಿ ಇರುವ ಜಾಗದಲ್ಲೂ ಬಿಟ್ಟು ನೋಡಿದರು. ಅಲ್ಲಿ ಮೊಟ್ಟೆ ಒಡೆದು ಮರಿಗಳು ಬಂದವು, ಆದರೆ ಬದುಕಿದ್ದು ಕೆಲವೇ. ಈಗ ಸಾಕಿದ ಕೊಕ್ಕರೆ ಜೋಡಿಗಳ ಕೈಲೇ ಮರಿ ಬೆಳೆಸಿ, ವಲಸೆಗೆ ಮುಂಚೆ ಕಾಡಿನ ಜೋಡಿಗಳ ಹತ್ತಿರ ಬಿಡುತ್ತಾರೆ. ದಾರಿ ಅವೇ ತೋರಿಸಲಿ ಅಂತ.

ಪ್ರಶ್ನಾರ್ಥಕ

ಕಾಡಿನ ಜೋಡಿಗಳು ಬೇರೆಯವರ ಮರಿಯನ್ನು ಸೇರಿಸಿಕೊಳ್ಳುತ್ತವಾ?

ಮರಕುಟಿಗ

ಕೆಲವು ಸೇರಿಸಿಕೊಂಡಿವೆ. ಕೆಲವು ಓಡಿಸಿವೆ. ಅದಕ್ಕೇ ಮರಿ ಇಲ್ಲದ ಅಥವಾ ಮರಿ ಕಳೆದುಕೊಂಡ ಜೋಡಿಗಳನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳುತ್ತಾರೆ.